ಎರಡಕ್ಕೆ ಬಂತು ಅಂದಾಗ: ಕೊಡಗಿನ ಕಾಲುದಾರಿಯಲ್ಲಿ ಪುಟ್ಟ ಮಕ್ಕಳ ಜೊತೆ

ನಾಲ್ಕು ವರ್ಷದ ಮಗಳನ್ನು ಒಂದು ಕಾಫಿ ಗಿಡದ ಬುಡದಲ್ಲಿ ಕೂರಿಸಿದ್ದೆ. ಜನವರಿ ತಿಂಗಳು, ಕಕ್ಕಬ್ಬೆ ಕಡೆಯ ಒಂದು ತೋಟದ ಕಾಲುದಾರಿ. ಗಿಡ ಅಡ್ಡ ಇದೆ, ದಾರಿಗೆ ಕಾಣುವುದಿಲ್ಲ, ಕೆಳಗೆ ದಪ್ಪ ತರಗೆಲೆ. ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂದುಕೊಂಡಿದ್ದೆ. ಎರಡು ಸಾಲಿನ ಆಚೆ ತಲೆಗೆ ಟವೆಲ್ ಕಟ್ಟಿದ್ದ ಅಜ್ಜಿಯೊಬ್ಬರು ಎದ್ದು ನಿಂತರು. "ಅಲ್ಲಿ ಬೇಡಮ್ಮ. ನಾಳೆ ಆ ಬುಡದಲ್ಲಿ ಕೂತು ಉದುರಿದ್ದು ಹೆಕ್ಕೋದು ನಾವೇ," ಅಂದರು. ಬೈಯಲಿಲ್ಲ, ಸುಮ್ನೆ ಹೇಳಿದರು. ಆದರೂ ನನ್ನ ಮುಖ ಹಣ್ಣಾದ ಕಾಫಿಯಷ್ಟೇ ಕೆಂಪಾಗಿತ್ತು.

ಮನೆಗೆ ಬಂದು ಯೋಚಿಸಿದೆ. ಹೊರಗಿನಿಂದ ನೋಡಿದರೆ ಕೊಡಗು ಅಂದರೆ ಕಾಡು, ಮಂಜು, ಯಾರೂ ಇಲ್ಲದ ಹಾದಿ. ನಡೆದು ನೋಡಿದರೆ ಇಲ್ಲಿ ಯಾರದ್ದೂ ಅಲ್ಲದ ಜಾಗ ಸಿಗುವುದೇ ಕಷ್ಟ. ಕಾಫಿ ಬುಡದಲ್ಲಿ ಕೈ ಹಾಕಿ ಕಾಳು ಹೆಕ್ಕುವವರಿದ್ದಾರೆ. ಏಲಕ್ಕಿ ಬಿಡುವುದೇ ಗಿಡದ ಬುಡದಲ್ಲಿ, ನೆಲಕ್ಕೆ ತಾಗಿಕೊಂಡು. ಗದ್ದೆಗೆ ಬರಿಗಾಲಲ್ಲಿ ಇಳಿಯುವವರಿದ್ದಾರೆ. ಮರಗಳು ಒತ್ತಾಗಿ ಬೆಳೆದ ಕಡೆ ದೇವರಕಾಡು ಇರುತ್ತದೆ. ಉಳಿದದ್ದು ಆನೆಯದ್ದು.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದೇ ನಿಯಮ. ಒಂದಕ್ಕೆ ಆದರೆ ಜಾಗ ನೋಡಿ ಕೂರಿಸುವುದು. ಎರಡಕ್ಕೆ ಆದರೆ ಚೀಲದಲ್ಲಿ ಹಿಡಿದು ವಾಪಸ್ ತರುವುದು. ಮೊದಲ ಸಲ ಕೇಳಿದಾಗ ಎಲ್ಲರೂ ಮುಖ ಕಿವುಚುತ್ತಾರೆ. ಎರಡು ಸಲ ಮಾಡಿದರೆ ಡೈಪರ್ ಬದಲಾಯಿಸುವುದಕ್ಕಿಂತ ಸುಲಭ ಅಂತ ಗೊತ್ತಾಗುತ್ತದೆ. ಗುಂಡಿ ತೋಡಿ ಮುಚ್ಚುವುದು ನಮಗೆ ಎರಡನೇ ದಾರಿ, ಅದೂ ಕೆಲವು ಕಡೆ ಮಾತ್ರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮುಂಚೆ, ಮನೆಯಲ್ಲೇ

ಅರ್ಧ ಗೆಲುವು ಬೆಳಗಿನ ತಿಂಡಿಯಲ್ಲಿದೆ. ಹೊಟ್ಟೆಗೆ ತಿಂಡಿ ಬಿದ್ದ ಕೂಡಲೇ ದೊಡ್ಡ ಕರುಳು ಕೆಲಸ ಶುರು ಮಾಡುತ್ತದೆ. ಮಕ್ಕಳಲ್ಲಂತೂ ಇದು ಎದ್ದು ಕಾಣುತ್ತದೆ, ಉಂಡು ಹತ್ತು ನಿಮಿಷಕ್ಕೆ ಓಡುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಕಾರಿನಲ್ಲಿ ಇಡ್ಲಿ ತಿನ್ನಿಸುತ್ತಾ ಹೋಗಿ ನಡಿಗೆ ಶುರು ಮಾಡಿದರೆ ಆ ಹೊತ್ತು ಸರಿಯಾಗಿ ಬೆಟ್ಟದ ಅರ್ಧದಲ್ಲಿ ಬರುತ್ತದೆ. ಅದಕ್ಕೆ ತಿಂಡಿ ಮನೆಯಲ್ಲೇ ಆಗಲಿ. ತಿಂಡಿಗೂ ಹೊರಡುವುದಕ್ಕೂ ನಡುವೆ ಅರ್ಧ ಮುಕ್ಕಾಲು ಗಂಟೆ ಇರಲಿ. ಆ ಹೊತ್ತಿನಲ್ಲಿ ಮಗುವನ್ನು ಐದು ನಿಮಿಷ ಕೂರಿಸಿ. ಬಂದರೆ ಬಂತು, ಬರದಿದ್ದರೆ ಗದರಬೇಡಿ. ಗದರಿದರೆ ಇನ್ನೂ ಬಿಗಿ ಹಿಡಿಯುತ್ತಾರೆ.

ಹಿಂದಿನ ದಿನ ಏನು ತಿಂದರು ಅನ್ನುವುದೂ ಮುಖ್ಯ. ನಮ್ಮ ಕಡೆ ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ರೊಟ್ಟಿ ಅಂತ ಎಲ್ಲವೂ ಅಕ್ಕಿಯದ್ದೇ. ರುಚಿಗೆ ಸಾಟಿ ಇಲ್ಲ, ಆದರೆ ನಾರು ಕಮ್ಮಿ. ಜೊತೆಗೆ ಸೊಪ್ಪು, ಬಾಳೆಹಣ್ಣು, ಕಿತ್ತಳೆ ಇರಲಿ. ಎರಡು ದಿನದಿಂದ ಹೋಗದ ಮಗುವನ್ನು ದೊಡ್ಡ ನಡಿಗೆಗೆ ಕರೆದುಕೊಂಡು ಹೋಗಬೇಡಿ. ನಡೆದಾಗ ಕರುಳು ಅಲುಗುತ್ತದೆ, ಒಮ್ಮೆಲೇ ಬರುತ್ತದೆ, ಗಟ್ಟಿಯಾಗಿ ನೋವೂ ಆಗುತ್ತದೆ.

ನೀರು ಕಮ್ಮಿ ಕೊಟ್ಟರೆ ಈ ರಗಳೆಯೇ ಇರುವುದಿಲ್ಲ ಅನ್ನುವವರು ಬಹಳ. ಅದು ತಪ್ಪು. ನೀರು ಕಮ್ಮಿಯಾದರೆ ಉಚ್ಚೆ ಗಟ್ಟಿಯಾಗಿ ಉರಿಯುತ್ತದೆ, ಮಲಬದ್ಧತೆ ಜಾಸ್ತಿಯಾಗುತ್ತದೆ, ಹತ್ತುವಾಗ ತಲೆ ಸುತ್ತುತ್ತದೆ. ಕುಡಿಯಲಿ ಬಿಡಿ, ನಾವು ನಿಲ್ಲುವ ಲೆಕ್ಕ ಹಾಕಿಕೊಳ್ಳೋಣ. ಲೆಕ್ಕಕ್ಕೆ ವೈದ್ಯರು ಬಳಸುವ ಒಂದು ಸೂತ್ರವಿದೆ. ಮಗುವಿನ ವಯಸ್ಸಿಗೆ ಎರಡು ಕೂಡಿಸಿ, ಮೂವತ್ತರಿಂದ ಗುಣಿಸಿ. ಮೂತ್ರಚೀಲದಲ್ಲಿ ಸುಮಾರು ಅಷ್ಟು ಮಿಲಿ ಹಿಡಿಯುತ್ತದೆ. ನಾಲ್ಕು ವರ್ಷದ ಮಗುವಿಗೆ 180 ಮಿಲಿ, ಅಂದರೆ ಒಂದು ಲೋಟ. ನೀವು ದಾರಿಯಲ್ಲಿ ಎರಡು ಲೋಟ ಕುಡಿಸಿದ್ದೀರಿ ಅಲ್ವಾ? ಮತ್ತೆ ಅದು ಎಲ್ಲಿಗೆ ಹೋಗಬೇಕು.

ಇನ್ನೊಂದು ತಯಾರಿ ಯಾರಿಗೂ ಹೊಳೆಯುವುದಿಲ್ಲ. ಈಗಿನ ಮಕ್ಕಳಿಗೆ ಕುಕ್ಕರುಗಾಲಲ್ಲಿ ಕೂರಲು ಬರುವುದಿಲ್ಲ. ಮನೆಯಲ್ಲೂ ಕಮೋಡ್, ಶಾಲೆಯಲ್ಲೂ ಕಮೋಡ್. ನೆಲದಲ್ಲಿ ಕೂರಿಸಿದರೆ ಹಿಮ್ಮಡಿ ಮೇಲೇಳುತ್ತದೆ, ಹಿಂದಕ್ಕೆ ಮಗುಚಿ ಬೀಳುತ್ತಾರೆ. ಒಂದು ವಾರ ಮೊದಲೇ ಅಂಗಳದಲ್ಲಿ ಕಪ್ಪೆ ಆಟ ಆಡಿಸಿ. ಕೂರುವುದು, ಹತ್ತು ಎಣಿಸುವುದು, ಹಾರುವುದು. ಹಿತ್ತಲಲ್ಲಿ ಒಂದೆರಡು ಸಲ ಒಂದಕ್ಕೂ ಕೂರಿಸಿ. ಬಯಲಲ್ಲಿ ಕೂರಲು ನಾಚಿಕೆ ಇರುವ ಮಗುವಿಗೆ ಇದು ಬಹಳ ಸಹಾಯ.

"ಬೇಗ ಮಾಡು, ಆನೆ ಬರುತ್ತೆ" ಅಂತ ಮಾತ್ರ ಹೆದರಿಸಬೇಡಿ. ನಮ್ಮ ಮನೆಯಲ್ಲಿ ಒಬ್ಬರು ಹಿರಿಯರು ತಮಾಷೆಗೆ ಹೀಗೆ ಹೇಳಿ, ಮಗಳು ಆಮೇಲೆ ಆರು ಗಂಟೆ ಕಟ್ಟಿಕೊಂಡಿದ್ದಳು.

ಚೀಲದಲ್ಲಿ ಏನಿರಬೇಕು

ದುಬಾರಿ ಸಾಮಾನು ಏನೂ ಬೇಡ. ನಮ್ಮದು ಹಳೆ ಬಟ್ಟೆಯ ಜೋಳಿಗೆ, ಬೇರೆ ಊಟದ ಸಾಮಾನಿಗೆ ತಾಗದ ಹಾಗೆ ಪ್ರತ್ಯೇಕ. ಒಳಗೆ ಇರುವುದು ಇಷ್ಟು. ಅಗಲ ಬಾಯಿಯ ಎರಡು ಲೀಟರಿನ ಹಳೆ ಐಸ್‌ಕ್ರೀಮ್ ಡಬ್ಬ, ಬಿಗಿ ಮುಚ್ಚಳದ್ದು. ಅದರೊಳಗೆ ಮಡಚಿಟ್ಟ ದಪ್ಪ ಕಸದ ಚೀಲ ನಾಲ್ಕು. ಹಳೆ ದಿನಪತ್ರಿಕೆ. ಹಳೆ ಪಂಚೆ ಹರಿದು ಮಾಡಿದ ಬಟ್ಟೆ ತುಂಡು ಹತ್ತು. ಒಂದು ತುಂಡು ಸೋಪು, ಹಳೆ ಕಾಲುಚೀಲದಲ್ಲಿ ಹಾಕಿ ಬಾಯಿ ಕಟ್ಟಿದ್ದು. ಮಕ್ಕಳ ಬದಲಿ ಚಡ್ಡಿ ಪ್ಯಾಂಟು, ನಾಲ್ಕರ ಒಳಗಿನವರಿಗೆ ಎರಡು ಜೊತೆ. ಒದ್ದೆ ಬಟ್ಟೆಗೆ ಒಂದು ಚೀಲ. ಪುಟ್ಟ ಬಾಟಲಿಯಲ್ಲಿ ತೆಂಗಿನೆಣ್ಣೆ, ಒದ್ದೆ ಚಡ್ಡಿಯಲ್ಲಿ ನಡೆದು ತೊಡೆ ಸಂದಿ ಉಜ್ಜಿಹೋದರೆ ಹಚ್ಚಲು.

ತೊಳೆಯುವ ಬಾಟಲಿಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಇಡೀ ಚೀಲದಲ್ಲಿ ನನಗೆ ಇಷ್ಟದ ಸಾಮಾನು ಅದು. ಅರ್ಧ ಲೀಟರಿನ ಮೆತ್ತನೆ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಸೂಜಿ ಬಿಸಿ ಮಾಡಿ ಮುಚ್ಚಳಕ್ಕೆ ನಾಲ್ಕು ತೂತು ಚುಚ್ಚಿ. ಬಾಟಲಿ ಬೋರಲು ಹಿಡಿದು ಅದುಮಿದರೆ ಸಣ್ಣ ಧಾರೆ ಬರುತ್ತದೆ. ಚೆಂಬಿನಲ್ಲಿ ಸುರಿದರೆ ಒಂದು ಲೀಟರ್ ಖಾಲಿಯಾಗುವ ಕಡೆ ಇದರಲ್ಲಿ ಕಾಲು ಲೀಟರ್ ಸಾಕು. ಕುಡಿಯುವ ಬಾಟಲಿ ಅಂತ ಯಾರೂ ತಪ್ಪು ತಿಳಿಯದ ಹಾಗೆ ಕುತ್ತಿಗೆಗೆ ಕೆಂಪು ದಾರ ಕಟ್ಟಿಡಿ. ನಮ್ಮ ಮನೆಯಲ್ಲಿ ಒಬ್ಬರು ತಪ್ಪು ತಿಳಿದ ಮೇಲೆ ಕಟ್ಟಿದ್ದು.

ಮತ್ತೆ ಕೊಡೆ. ಮಳೆ ಇಲ್ಲದಿದ್ದರೂ ಕೊಡೆ. ಬಿಚ್ಚಿ ಪಕ್ಕಕ್ಕೆ ಇಟ್ಟರೆ ಅದೇ ಗೋಡೆ.

ವೆಟ್ ವೈಪ್ಸ್ ಒಯ್ಯುವುದಾದರೆ ಒಯ್ಯಿರಿ. ಆದರೆ ಅವು ಕಾಗದದ ಹಾಗೆ ಕಂಡರೂ ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಮಣ್ಣಲ್ಲಿ ಕರಗುವುದಿಲ್ಲ. ಒಯ್ದಷ್ಟೂ ಎಣಿಸಿ ವಾಪಸ್ ಬರಬೇಕು. ಡೈಪರ್‌ಗೂ ಇದೇ ಮಾತು. ಕಲ್ಲಿನ ಸಂದಿಯಲ್ಲಿ ತುರುಕಿದ ಡೈಪರನ್ನು ನಾಯಿ ಎಳೆದು ದಾರಿ ತುಂಬ ಹರಡುತ್ತದೆ. ಬೆಂಕಿಗೆ ಹಾಕಿದರೆ ಉರಿಯುವುದೂ ಇಲ್ಲ, ಬರಿ ಹೊಗೆ.

ಬಟ್ಟೆ

ಸೊಂಟಕ್ಕೆ ಇಲಾಸ್ಟಿಕ್ ಇರುವ ಪ್ಯಾಂಟು ಹಾಕಿ. ಬೆಲ್ಟು, ಜಿಪ್ಪು, ಮೇಲೆ ಕೆಳಗೆ ಒಂದೇ ಆಗಿರುವ ಬಟ್ಟೆ ಬೇಡ. ಮೂರು ವರ್ಷದ ಮಗು "ಬಂತು" ಅಂದ ಮೇಲೆ ನಿಮಗೆ ಸಿಗುವುದು ಅರ್ಧ ನಿಮಿಷ. ಅಷ್ಟರಲ್ಲಿ ಮಳೆಕೋಟು, ಸ್ವೆಟರ್, ಬಟನ್ನು ಅಂತ ಬಿಚ್ಚುತ್ತಾ ಕೂತರೆ ಮುಗಿಯಿತು.

ಗಮ್‌ಬೂಟಿನ ಬಗ್ಗೆ ಅನುಭವದಿಂದ ಹೇಳುತ್ತೇನೆ. ಮಳೆಗಾಲದಲ್ಲಿ ಚಿಕ್ಕವನಿಗೆ ಮೊಣಕಾಲವರೆಗಿನ ಬೂಟು ಹಾಕಿ ಹೆಮ್ಮೆಯಿಂದ ಹೊರಟಿದ್ದೆವು. ಅವನು ನಿಂತಲ್ಲೇ ಮಾಡಿಬಿಟ್ಟ. ಹೊರಗೆ ಒಂದು ಹನಿ ಇಲ್ಲ. ಎಲ್ಲಾ ಬೂಟಿನೊಳಗೆ. ನಮಗೆ ಗೊತ್ತಾಗಿದ್ದು ಅವನ ಹೆಜ್ಜೆಗೆ ಪಚಕ್ ಪಚಕ್ ಅಂತ ಸದ್ದು ಬಂದಾಗ. ಅಂದಿನಿಂದ ಬೂಟು ಹಾಕಿದ ದಿನ ಪ್ಯಾಂಟು ಬೂಟಿನ ಹೊರಗೆ, ಕಾಲುಚೀಲ ಎರಡು ಜೊತೆ ಎಕ್ಸ್‌ಟ್ರಾ.

ದಾರಿಯಲ್ಲಿ: ಕೇಳಬೇಡಿ, ನಿಲ್ಲಿಸಿ

"ಬರ್ತಿದೆಯಾ?" ಅಂತ ಕೇಳಿದರೆ ಜಗತ್ತಿನ ಯಾವ ಮಗುವೂ "ಹೌದು" ಅನ್ನುವುದಿಲ್ಲ. ಕೇಳುವ ಬದಲು ಮುಕ್ಕಾಲು ಗಂಟೆಗೊಮ್ಮೆ ಎಲ್ಲರೂ ನಿಲ್ಲಿ. "ಇಲ್ಲಿ ಎಲ್ಲರೂ ಒಂದು ಸಲ ಹೋಗಿ ಬರೋಣ" ಅಂತ ದೊಡ್ಡವರು ಮೊದಲು ಹೊರಡಿ. ಮಕ್ಕಳು ಹಿಂದೆಯೇ ಬರುತ್ತಾರೆ. ಟಾಯ್ಲೆಟ್ ಕಂಡ ಕಡೆಯಲ್ಲೆಲ್ಲ ಬೇಕಿರಲಿ ಬೇಡದಿರಲಿ ಒಳಗೆ ಕಳುಹಿಸಿ. ಬೆಟ್ಟ ಹತ್ತುವ ಮುಂಚೆ ದಾಟುವ ಕೊನೆಯ ಪೆಟ್ರೋಲ್ ಬಂಕ್, ಕೊನೆಯ ಹೋಟೆಲ್, ಕೊನೆಯ ಪೇಟೆ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಅಲ್ಲಿ ನಿಲ್ಲದೆ ನೇರ ಬೆಟ್ಟ ಹತ್ತಿಸಿದರೆ ಮೇಲೆ ಹೋದಾಗ ಗಾಳಿ, ಚಳಿ, ಬಯಲು. ಚಳಿಗೆ ಉಚ್ಚೆ ಬೇಗ ಬರುತ್ತದೆ, ಮರೆ ಮಾತ್ರ ಇಲ್ಲ.

ಬಾಯಲ್ಲಿ ಹೇಳದಿದ್ದರೂ ಮಕ್ಕಳ ಮೈ ಹೇಳುತ್ತದೆ. ಕಾಲಿಗೆ ಕಾಲು ಕತ್ತರಿ ಹಾಕುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲಿನ ಗುರುತು ಬೇರೆ. ಬಡಬಡ ಮಾತಾಡುತ್ತಿದ್ದ ಮಗು ಒಮ್ಮೆಲೇ ಸುಮ್ಮನಾಗುತ್ತದೆ. ಹಿಂದೆ ಬೀಳುತ್ತದೆ. ನಮ್ಮ ಚಿಕ್ಕವನಿಗೆ "ಕಾಲು ನೋವು" ಅಂದರೆ ಎರಡಕ್ಕೆ ಅಂತ ಅರ್ಥ. ಇದು ತಿಳಿಯಲು ನಮಗೆ ಮೂರು ನಡಿಗೆ ಬೇಕಾಯಿತು. ಅಲ್ಲಿಯವರೆಗೆ ಸುಮ್ನೆ ಕಾಲು ಒತ್ತಿದ್ದೇ ಬಂತು.

ಹತ್ತಿರ ಮನೆ ಕಂಡರೆ ನಾಚಿಕೆ ಬಿಟ್ಟು ಕೇಳಿ. ತೋಟದ ಕಾರ್ಮಿಕರ ಲೈನ್ ಮನೆಯಿರಲಿ, ತೋಟದ ಯಜಮಾನರ ಮನೆಯಿರಲಿ, "ಅಕ್ಕಾ, ಮಗುವಿಗೆ ಟಾಯ್ಲೆಟ್‌ಗೆ ಹೋಗಬೇಕಿತ್ತು" ಅಂದರೆ ಇಲ್ಲ ಅಂದವರನ್ನು ನಾನು ಇನ್ನೂ ನೋಡಿಲ್ಲ. ಒಂದು ಕಡೆ ಟಾಯ್ಲೆಟ್ ಜೊತೆ ಕಪ್ಪು ಕಾಫಿಯೂ ಸಿಕ್ಕಿದೆ. ಆದರೆ ಗೇಟು ತೆಗೆದು ಒಳಗೆ ನುಗ್ಗಬೇಡಿ, ಹೊರಗೆ ನಿಂತು ಕೂಗಿ. ತೋಟದ ಮನೆ ಅಂದ ಮೇಲೆ ನಾಯಿ ಇರುತ್ತದೆ, ಕಟ್ಟಿ ಹಾಕಿರುತ್ತಾರೆ ಅನ್ನುವ ಭರವಸೆ ಇಲ್ಲ.

ಜಾಗ ನೋಡುವುದು

ಬೇರೆ ದೇಶದ ಟ್ರೆಕ್ಕಿಂಗ್ ಸಲಹೆಗಳಲ್ಲಿ ಒಂದು ಲೆಕ್ಕ ಇರುತ್ತದೆ. ನೀರಿನಿಂದ, ದಾರಿಯಿಂದ, ತಂಗುವ ಜಾಗದಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಅಂತ. ಲೆಕ್ಕ ಸರಿಯೇ ಇದೆ. ನೀರಿನ ವಿಷಯದಲ್ಲಿ ಅದನ್ನು ಕೊಡಗಿನಲ್ಲೂ ಬಿಡಬೇಡಿ. 60 ಮೀಟರ್ ಅಂದರೆ ದೊಡ್ಡವರ ಎಂಬತ್ತು ಹೆಜ್ಜೆ.

ಆದರೆ ದಾರಿಯಿಂದ 60 ಮೀಟರ್? ಇಲ್ಲಿ ಮಗುವನ್ನು ಎತ್ತಿಕೊಂಡು ಕಾಡಿನೊಳಗೆ ಎಂಬತ್ತು ಹೆಜ್ಜೆ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಹಗಲಲ್ಲೂ ಆನೆ ನಿಂತಿರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಬಿಸಿ ಲದ್ದಿ, ಹೊಸದಾಗಿ ಮುರಿದ ಬೈನೆ ಮರ ಕಂಡರೆ ಅಲ್ಲಿ ಕೂರಿಸುವ ಮಾತೇ ಇಲ್ಲ, ಬಂದ ದಾರಿಯಲ್ಲಿ ಹಿಂದೆ ಹೋಗಿ. ಅರಣ್ಯ ಇಲಾಖೆಯ ದಾರಿಗಳಲ್ಲಿ ಜಾಡು ಬಿಟ್ಟು ಹೋಗಲೂ ಬಾರದು. ಚೀಲ ಇದ್ದರೆ ಇಷ್ಟೆಲ್ಲ ದೂರ ಹೋಗಬೇಕಾಗಿಯೇ ಇಲ್ಲ. ದಾರಿಯ ಪಕ್ಕ ನಾಲ್ಕು ಹೆಜ್ಜೆ, ಒಂದು ಕೊಡೆ, ಮುಗಿಯಿತು. ಚೀಲದ ದೊಡ್ಡ ಲಾಭ ಇದೇ.

ಕೂರಿಸಬಾರದ ಜಾಗಗಳನ್ನು ಗುರುತಿಸಲು ಕಲಿಯಿರಿ. ದೇವರಕಾಡು ಎಷ್ಟೋ ಕಡೆ ಬೋರ್ಡು ಇಲ್ಲದೆಯೇ ಇರುತ್ತದೆ. ಸುತ್ತ ತೋಟ ಇದ್ದು ನಡುವೆ ಮಾತ್ರ ಭಾರಿ ಮರಗಳಿದ್ದರೆ, ಕಲ್ಲು, ದೀಪ, ಮಣ್ಣಿನ ನಾಯಿ ಗೊಂಬೆಗಳು ಕಂಡರೆ ಅದು ದೇವರ ಜಾಗ. ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲ ಮನೆಯ ಹತ್ತಿರ ಸಣ್ಣ ಗುಡಿಯ ಹಾಗೆ ಇರುವುದು ಕೈಮಡ, ಆ ಮನೆತನದ ಹಿರಿಯರ ಜಾಗ. ಅಲ್ಲಿ ಒಂದಕ್ಕೂ ಬೇಡ.

ಕಪ್ಪು ಪೈಪ್ ನೋಡಿ. ದಾರಿಯ ಪಕ್ಕ ಮಣ್ಣಿನ ಮೇಲೆ ಹಾವಿನ ಹಾಗೆ ಬಿದ್ದಿರುತ್ತದೆ. ಬೆಟ್ಟದ ಮೇಲಿನ ತೋಡಿನಿಂದ, ಅಂದರೆ ಹಳ್ಳದಿಂದ, ಕೆಳಗಿನ ಮನೆಗೆ ಕುಡಿಯುವ ನೀರು ಬರುವುದು ಅದರಲ್ಲಿ. ಪೈಪ್ ಕಂಡಿತು ಅಂದರೆ ಮೇಲಿನ ತೋಡು ಯಾರದ್ದೋ ಅಡುಗೆಮನೆ. ಕೆಳಗಿನ ತೋಡೂ ಅಷ್ಟೇ. ಹೆಚ್ಚಿನವು ಕಾವೇರಿ ಸೇರುತ್ತವೆ, ಕಾವೇರಿ ಬೆಂಗಳೂರಿನ ನಲ್ಲಿಗೆ ಹೋಗುತ್ತದೆ.

ಆನೆ ಕಂದಕ ಮರೆಯಾಗಿದೆ ಅಂತ ಅದರೊಳಗೆ ಇಳಿಸಬೇಡಿ, ಬದಿ ಕುಸಿಯುತ್ತದೆ. ಸೋಲಾರ್ ಬೇಲಿಯ ಕಡೆ ಮುಖ ಮಾಡಿ ಗಂಡು ಹುಡುಗರನ್ನು ನಿಲ್ಲಿಸಲೇಬೇಡಿ. ನೀರಿನ ಧಾರೆ ತಂತಿಗೆ ತಾಗಿದರೆ ಹೊಡೆತ ಎಲ್ಲಿಗೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಜಾಗ ಆರಿಸಿದ ಮೇಲೆ ಕೋಲಿನಿಂದ ನೆಲ ಬಡಿಯಿರಿ, ತರಗೆಲೆ ಸರಿಸಿ. ಹಾವು ಇದ್ದರೆ ಸರಿದು ಹೋಗಲು ಸಮಯ ಕೊಡಿ. ಕೂತಾಗ ಹಿಂಭಾಗಕ್ಕೆ ತಾಗುವ ಎತ್ತರದಲ್ಲಿ ತುರಿಚೆ ಗಿಡ ಇಲ್ಲ ಅಂತ ನೋಡಿ. ಗೊತ್ತಿಲ್ಲದ ಸೊಪ್ಪು ಕಿತ್ತು ಒರೆಸಬೇಡಿ. ಬೇಸಿಗೆಯ ಹುಲ್ಲಲ್ಲಿ ಉಣ್ಣಿ ಇರುತ್ತದೆ, ಮನೆಗೆ ಬಂದು ತೊಡೆ ಸಂದಿ, ಕಂಕುಳು ಒಮ್ಮೆ ಹುಡುಕಿ.

ಒಂದಕ್ಕೆ

ಗಂಡು ಹುಡುಗರದ್ದು ಸುಲಭ. ಗಾಳಿಗೆ ಬೆನ್ನು ಕೊಟ್ಟು, ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸಿ. ಅಷ್ಟೇ.

ಹೆಣ್ಣುಮಕ್ಕಳಿಗೆ ಸ್ವಲ್ಪ ಕೈ ಬೇಕು. ಪ್ಯಾಂಟನ್ನು ಮೊಣಕಾಲಿನವರೆಗೆ ಮಾತ್ರ ಎಳೆದರೆ ಅದೇ ಒದ್ದೆಯಾಗುತ್ತದೆ. ಒಂದು ಕಾಲು ಪೂರ್ತಿ ಬಿಚ್ಚಿಸಿ. ಚಿಕ್ಕವರಾದರೆ ಎತ್ತಿ ಹಿಡಿಯುವುದೇ ಒಳ್ಳೆಯದು. ನೀವು ಕುಕ್ಕರುಗಾಲಲ್ಲಿ ಕೂರಿ. ಮಗುವಿನ ಬೆನ್ನು ನಿಮ್ಮ ಎದೆಗೆ. ಎರಡೂ ಕೈ ಮಗುವಿನ ಮೊಣಕಾಲಿನ ಕೆಳಗೆ ಹಾಕಿ, ಮೊಣಕಾಲು ಮಗುವಿನ ಎದೆಯ ಕಡೆ ಬರುವ ಹಾಗೆ ಎತ್ತಿ. ಮಗು ಇಳಿಜಾರಿನ ಕಡೆ ನೋಡುತ್ತಿರಲಿ, ಆಗ ಹರಿದದ್ದು ನಿಮ್ಮ ಪಾದದ ಕಡೆ ಬರುವುದಿಲ್ಲ. ಅಜ್ಜಿಯಂದಿರು ಅಂಗಳದ ತುದಿಯಲ್ಲಿ "ಶ್... ಶ್..." ಅನ್ನುತ್ತಾ ಹಿಡಿಯುತ್ತಿದ್ದರಲ್ಲ, ಅದೇ. ಆ ಸದ್ದು ಈಗಲೂ ಕೆಲಸ ಮಾಡುತ್ತದೆ. ಆದ ಮೇಲೆ ಬಟ್ಟೆ ತುಂಡಿನಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಹಿಂದಿನಿಂದ ಮುಂದಕ್ಕೆ ಬೇಡ. ಹಿಂಭಾಗದ ಕ್ರಿಮಿ ಮೂತ್ರದ ದಾರಿಗೆ ಬಂದರೆ ಸೋಂಕು ಆಗುತ್ತದೆ. ಒರೆಸಿದ ಬಟ್ಟೆ ವಾಪಸ್ ಚೀಲಕ್ಕೆ.

ಎರಡಕ್ಕೆ: ಚೀಲದಲ್ಲಿ ಹಿಡಿಯುವುದು

ಐಸ್‌ಕ್ರೀಮ್ ಡಬ್ಬ ತೆಗೆಯಿರಿ. ಕಸದ ಚೀಲ ಒಳಗೆ ಇಳಿಸಿ, ಬಾಯಿಯನ್ನು ಡಬ್ಬದ ಅಂಚಿನ ಹೊರಗೆ ಮಡಚಿ. ತಳಕ್ಕೆ ದಿನಪತ್ರಿಕೆಯ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ. ಮನೆಯಲ್ಲಿ ಭತ್ತದ ಉಮಿ ಇದ್ದರೆ ಕಾಗದದ ಮೇಲೆ ಒಂದು ಹಿಡಿ ಹಾಕಬಹುದು, ನೀರು ಹೀರುತ್ತದೆ, ವಾಸನೆ ಕಮ್ಮಿ. ಡಬ್ಬವನ್ನು ಎರಡು ಕಲ್ಲಿನ ನಡುವೆ ಅಲುಗದ ಹಾಗೆ ಇಡಿ. ಕೊಡೆ ಬಿಚ್ಚಿ ದಾರಿಯ ಕಡೆಗೆ ಇಡಿ.

ಮೊದಲು ಒಂದಕ್ಕೆ ಹೊರಗೆ ಮಾಡಿಸಿ, ಆಮೇಲೆ ಡಬ್ಬದ ಮೇಲೆ. ಚೀಲದಲ್ಲಿ ನೀರಿನ ಅಂಶ ಕಮ್ಮಿ ಇದ್ದಷ್ಟೂ ಒಳ್ಳೆಯದು. ದೊಡ್ಡ ಮಗು ತಾನೇ ಡಬ್ಬದ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತದೆ, ನೀವು ಎದುರು ಕೂತು ಎರಡೂ ಕೈ ಹಿಡಿದುಕೊಳ್ಳಿ. ಚಿಕ್ಕವರಿಗೆ ಹಳೆ ಕಾಲದ ಉಪಾಯ ಇದೆ. ನೀವು ಕಾಲು ಚಾಚಿ ನೆಲಕ್ಕೆ ಕೂರಿ. ಎರಡು ಪಾದಗಳ ನಡುವೆ ಡಬ್ಬ. ಮಗು ನಿಮ್ಮ ಕಣಕಾಲಿನ ಮೇಲೆ ನಿಮ್ಮತ್ತ ಮುಖ ಮಾಡಿ ಕೂರಲಿ. ಬೀಳುವ ಭಯ ಇಲ್ಲ, ಮುಖ ಕಾಣುತ್ತದೆ, ಮಾತಾಡಿಸುತ್ತಾ ಇರಬಹುದು. ಅವಸರ ಮಾಡಬೇಡಿ. ಉಳಿದವರು ಮುಂದೆ ನಡೆಯುತ್ತಿರಲಿ. ಸುತ್ತ ನಿಂತು "ಆಯ್ತಾ, ಆಯ್ತಾ" ಅಂತ ಕೇಳುವ ಮಾವಂದಿರನ್ನು ಮೊದಲು ದೂರ ಕಳುಹಿಸಿ.

ಆದ ಮೇಲೆ ಮಗುವನ್ನು ಡಬ್ಬದಿಂದ ಎರಡು ಹೆಜ್ಜೆ ಆಚೆ ತೊಳೆಯಿರಿ, ಚೀಲದೊಳಗೆ ನೀರು ಬೀಳದಿರಲಿ. ಮೊದಲು ಬಟ್ಟೆಯಿಂದ ಚೆನ್ನಾಗಿ ಒರೆಸಿ ಬಟ್ಟೆ ಚೀಲಕ್ಕೆ ಹಾಕಿದ್ದರೆ ನೆಲಕ್ಕೆ ಬೀಳುವುದು ಬರಿ ನೀರು. ಚೀಲದ ಗಾಳಿ ಹಿಂಡಿ, ತಿರುಚಿ, ಗಂಟು ಹಾಕಿ. ಇನ್ನೊಂದು ಚೀಲದೊಳಗೆ ಇಟ್ಟು ಮತ್ತೆ ಗಂಟು. ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿ. ವಾಸನೆ ಬರುವುದಿಲ್ಲ, ನಿಜವಾಗಿ. ಬಿಸಿಲಿಗೆ ಕಾಯುವ ಕಾರಿನ ಡಿಕ್ಕಿಯಲ್ಲಿ ಮರೆತು ಎರಡು ದಿನ ಬಿಟ್ಟರೆ ಬರುತ್ತದೆ. ಅದನ್ನೂ ಅನುಭವದಿಂದಲೇ ಹೇಳುತ್ತಿದ್ದೇನೆ.

ಗುಂಡಿ ಯಾವಾಗ

ನಿಮ್ಮದೇ ಬಾಣೆಯಲ್ಲಿ (ಗದ್ದೆಗೆ ಸೇರಿದ ಮರದ ಜಮೀನು), ಅಥವಾ ಯಜಮಾನರನ್ನು ಕೇಳಿ ಒಪ್ಪಿದ ಜಾಗದಲ್ಲಿ, ಮಳೆ ಇಲ್ಲದ ತಿಂಗಳಲ್ಲಿ ಗುಂಡಿ ತೋಡಬಹುದು. ಕೈಸಲಿಕೆಯಲ್ಲಿ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಆಳ. ಅದಕ್ಕಿಂತ ಕಮ್ಮಿ ಆಳ ಬೇಡ, ಕಾಡುಹಂದಿ ಮೂತಿಯಲ್ಲಿ ಕೆದರಿ ತೆಗೆಯುತ್ತದೆ. ತೀರಾ ಆಳವೂ ಬೇಡ. ಕೊಳೆಸುವ ಜೀವಿಗಳು ಜಾಸ್ತಿ ಇರುವುದು ಮೇಲಿನ ಕಪ್ಪು ಮಣ್ಣಿನಲ್ಲೇ. ಆದ ಮೇಲೆ ತೆಗೆದ ಮಣ್ಣು ಹಾಕಿ, ತುಳಿದು, ತರಗೆಲೆ ಎಳೆದು ಮುಚ್ಚಿ. ಬಟ್ಟೆ, ವೈಪ್ಸ್ ಗುಂಡಿಗೆ ಹಾಕುವಂತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯ ಮಾತೇ ಬೇಡ. ತೋಡುತ್ತಿದ್ದ ಹಾಗೇ ನೀರು ತುಂಬುತ್ತದೆ, ರಾತ್ರಿಯ ಒಂದು ಮಳೆಗೆ ಎಲ್ಲಾ ತೋಡಿಗೆ. ತಡಿಯಂಡಮೋಳ್, ಮಾಂದಲ್‌ಪಟ್ಟಿಯಂಥ ಹುಲ್ಲುಬೆಟ್ಟದ ಮೇಲೂ ಬೇಡ. ತಡಿಯಂಡಮೋಳ್ 1748 ಮೀಟರ್ ಎತ್ತರ, ಕೊಡಗಿನಲ್ಲೇ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವಾಗ ಮೊದಲು ತೋಟ, ಆಮೇಲೆ ಬೆಟ್ಟದ ಮಡಿಲಿನ ಒತ್ತಾದ ಶೋಲೆ ಕಾಡು, ಕೊನೆಗೆ ಬೋಳು ಹುಲ್ಲು. ಆ ಹುಲ್ಲಿನ ಕೆಳಗೆ ಮಣ್ಣು ತೆಳು, ಸಲಿಕೆ ಹಾಕಿದರೆ ಕಲ್ಲಿಗೆ ಟಣ್ ಅನ್ನುತ್ತದೆ. ತೋಡುಗಳು ಹುಟ್ಟುವುದೂ ಅದೇ ಶೋಲೆ ಹುಲ್ಲಿನ ಸಂದಿಯಲ್ಲಿ.

ತೋಟದಲ್ಲಿ ಗುಂಡಿಯಿಲ್ಲದೆ ಬಿಟ್ಟು ಹೋದರೆ ಏನಾಗುತ್ತದೆ ಅಂತ ಅಜ್ಜಿ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಕೊಕ್ಕೆಹುಳು ಹರಡುವುದೇ ಹೀಗೆ. ಮಲದಲ್ಲಿರುವ ಮೊಟ್ಟೆ ನೆರಳಿನ, ತೇವದ, ಬೆಚ್ಚಗಿನ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಕರುಳಲ್ಲಿ ಕೂತು ರಕ್ತ ಹೀರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಅಂದರೆ ಕಾಫಿ ತೋಟವೇ.

ಕೈ ತೊಳೆಯುವುದು

ಸ್ಯಾನಿಟೈಸರ್ ಹಚ್ಚಿದರೆ ಆಯಿತು ಅನ್ನುವವರಿಗೆ: ಮಣ್ಣು ಮೆತ್ತಿದ ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ವಾಂತಿ ಭೇದಿ ತರುವ ಕೆಲವು ವೈರಸ್‌ಗಳಿಗೂ ಅದು ಸಾಲದು. ಸೋಪು, ನೀರು, ಇಪ್ಪತ್ತು ಎಣಿಸುವಷ್ಟು ಉಜ್ಜುವುದು. ಮಗುವಿನ ಕೈಯೂ, ನಿಮ್ಮದೂ. ಕಾಲುಚೀಲದ ಸೋಪು ಇದಕ್ಕೇ. ಕೈಯಿಂದ ಜಾರಿ ಮಣ್ಣಿಗೆ ಬೀಳುವುದಿಲ್ಲ. ತೋಡಿನ ನೀರು ಬಾಟಲಿಗೆ ತುಂಬಿಕೊಂಡು ದೂರ ಬಂದು ತೊಳೆಯಿರಿ. ತೋಡಿನೊಳಗೆ ಸೋಪಿನ ಕೈ ಅದ್ದಬೇಡಿ.

ಜಿಗಣೆ

ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡುವವರು ಇದನ್ನು ಎರಡು ಸಲ ಓದಿ. ಜಿಗಣೆಗೆ ಬೇಕಾಗಿರುವುದು ತೇವದ ತರಗೆಲೆ ಮತ್ತು ಬರಿ ಮೈ. ಕೂತ ಮಗು ಎರಡನ್ನೂ ಒಟ್ಟಿಗೆ ಕೊಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮರೆ ಹುಡುಕಬೇಡಿ, ಬಂಡೆ ಹುಡುಕಿ. ಬೋಳು ಕಲ್ಲು, ಜೀಪ್ ದಾರಿಯ ಜಲ್ಲಿ, ಯಾವುದೂ ಇಲ್ಲದಿದ್ದರೆ ಮಳೆಕೋಟು ಹಾಸಿ ಅದರ ಮೇಲೆ ಡಬ್ಬ. ಮರೆಗೆ ಹೇಗೂ ಕೊಡೆ ಇದೆ. ಕೂರಿಸುವವರ ಜೊತೆ ಇನ್ನೊಬ್ಬರು ನಿಂತು ಸುತ್ತಲಿನ ನೆಲ ನೋಡುತ್ತಿರಲಿ. ಅವು ತಲೆ ಎತ್ತಿ ಆಡಿಸುತ್ತಾ ಬರುವುದು ಕಾಣುತ್ತದೆ. ಪ್ಯಾಂಟು ಏರಿಸುವ ಮೊದಲು ಒಳಗೆ ಹೊರಗೆ ಒಮ್ಮೆ ಕೊಡವಿ.

ಹಿಡಿದೇಬಿಟ್ಟರೆ ಕಿರುಚಬೇಡಿ, ಮಗು ನಿಮ್ಮ ಮುಖ ನೋಡಿಯೇ ಹೆದರುವುದು. ಸುಣ್ಣ, ಹೊಗೆಸೊಪ್ಪು, ಉಪ್ಪು ದೊಡ್ಡವರ ಕಾಲಿಗೆ ಸರಿ, ಮಗುವಿನ ಮೆತ್ತನೆ ಜಾಗಕ್ಕೆ ಹಾಕಿದರೆ ಸುಡುತ್ತದೆ. ಚರ್ಮ ಸ್ವಲ್ಪ ಎಳೆದು ಹಿಡಿದು, ಜಿಗಣೆಯ ತೆಳು ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಜಾರಿಸಿ, ಆಮೇಲೆ ದಪ್ಪ ತುದಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ. ಬಟ್ಟೆ ಒತ್ತಿ ಹಿಡಿಯಿರಿ. ಮೂತ್ರದ ದಾರಿಯೊಳಗೆ ಅಥವಾ ಒಳಭಾಗಕ್ಕೆ ಹೋಗಿದೆ ಅನ್ನಿಸಿದರೆ ನೀವು ಎಳೆಯಲು ಹೋಗಬೇಡಿ, ಸೀದಾ ಆಸ್ಪತ್ರೆಗೆ.

ಬಣ್ಣ ನೋಡಿ

ಉಚ್ಚೆ ಕಡು ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ಕೆಂಪಾಗಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ ಮೊದಲ ವಾರದಲ್ಲಿ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ತಿನ್ನುತ್ತೇವೆ. ಮಾರನೇ ದಿನ ಇಡೀ ಮನೆಯವರದ್ದು ಕೆಂಪು. ಊರಿನವರಿಗೆ ಇದು ನಗುವ ವಿಷಯ. ಹೊರಗಿನಿಂದ ಬಂದ ನಂಟರ ಮಗು ಬಂಡೆ ಮೇಲೆ ಕೆಂಪು ಉಚ್ಚೆ ಮಾಡಿದಾಗ ಅವರಮ್ಮ ಕೂತಲ್ಲೇ ಅಳಲು ಶುರು ಮಾಡಿದ್ದರು. ಪಾಯಸ ಬಡಿಸುವಾಗಲೇ ಹೇಳಿಬಿಡಿ. ಪಾಯಸವೂ ಇಲ್ಲ, ಬೀಟ್‌ರೂಟೂ ಇಲ್ಲ, ಆದರೂ ಕೆಂಪು ಅಂದರೆ ಡಾಕ್ಟರಿಗೆ ತೋರಿಸಿ.

ಎರಡು ಸಲ ನೀರಾಗಿ ಹೋದರೆ ಅವತ್ತಿನ ನಡಿಗೆ ಅಲ್ಲಿಗೇ ಮುಗಿಯಿತು. ಒಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಾ ಇಳಿಯಿರಿ.

ಮನೆಗೆ ಬಂದ ಮೇಲೆ

ಡಬ್ಬವನ್ನು ಮೊದಲು ಖಾಲಿ ಮಾಡಿ, ಸ್ನಾನ ಕಾಫಿ ಎಲ್ಲಾ ಆಮೇಲೆ. ಬರಿ ಕಾಗದ ಹಾಕಿದ್ದರೆ ಕಾಗದದಿಂದ ಜಾರಿಸಿ ಕಮೋಡ್‌ಗೆ ಹಾಕಿ. ಕಾಗದ, ಬಟ್ಟೆ, ಚೀಲ ಎಲ್ಲವನ್ನೂ ಒಟ್ಟಿಗೆ ಸುತ್ತಿ ಡೈಪರ್ ಹಾಕುವ ಸ್ಯಾನಿಟರಿ ಕಸಕ್ಕೆ. ಉಮಿ ಹಾಕಿದ್ದನ್ನು ಕಮೋಡ್‌ಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಅದನ್ನು ಹಿತ್ತಲಲ್ಲಿ, ಬಾವಿಯಿಂದ ದೂರ, ಗುಂಡಿ ತೋಡಿ ಹೂಳಿ. ಹೋಮ್‌ಸ್ಟೇಯಲ್ಲಿ ಇಳಿದುಕೊಂಡಿದ್ದರೆ ಉಮಿ ಬೇಡ, ಕಾಗದವೇ ಸಾಕು. ಡಬ್ಬವನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಒಣಗಿದ ಮೇಲೆ ಅವತ್ತೇ ಮತ್ತೆ ತುಂಬಿಸಿಡಿ. ನಾಲ್ಕು ಚೀಲ, ಪತ್ರಿಕೆ, ಹತ್ತು ಬಟ್ಟೆ. ನಮ್ಮ ಮನೆಯಲ್ಲಿ ಈ ಕೆಲಸ ಈಗ ಆರು ವರ್ಷದ ಮಗಳದ್ದು. ಬಟ್ಟೆ ಎಣಿಸಿ ಇಡುತ್ತಾಳೆ, ಕೆಂಪು ದಾರ ಗಟ್ಟಿ ಇದೆಯಾ ಅಂತ ಎಳೆದು ನೋಡುತ್ತಾಳೆ, ಜೋಳಿಗೆಯನ್ನು ಕೊಡೆಯ ಪಕ್ಕದ ಮೊಳೆಗೆ ನೇತು ಹಾಕುತ್ತಾಳೆ.